ಬೆನ್ನು ತೋರದ ಮನೆತನ

ಗುಳೇದಗುಡ್ಡ
ಫೆಬ್ರವರಿ ಮೂವತ್ತು, ಎರಡು ಸಾವಿರದ ನೂರಾ ಎಂಬತ್ತೇಳು

ಒಂದೂವರೆ ಶತಮಾನದ ಆಚೆ ಕುಳಿತಿರುವ ಮಹಾಜನಗಳೇ, ತಾಯಂದಿರೇ, ಹಿಂದಿನ ಬೆಂಚಿನ ಶಿಳ್ಳೆಯ ಸರದಾರರೇ! ಪರದೆ ಏಳುತ್ತಿದೆ. ನಮಸ್ಕಾರ.

ತಾರೀಖು ನೋಡಿ ಕಣ್ಣುಜ್ಜಿಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತನೆಯ ದಿನವೇ ಇರಲಿಲ್ಲವೆಂದು ಬಲ್ಲೆ. ನಮ್ಮವರು ಅಕ್ಕಪಕ್ಕದ ಕೊಬ್ಬಿದ ತಿಂಗಳುಗಳಿಂದ ಒಂದೆರಡು ದಿನ ಕಸಿದು ಆ ಬಡಪಾಯಿಗೆ ಕೊಟ್ಟು ನ್ಯಾಯ ಮಾಡಿದ್ದಾರೆ. ಇನ್ನು ಈ ಓಲೆಯಲ್ಲಿ ನಿಮಗೆ ಗುರುತಿಲ್ಲದ ಪದಗಳು ನುಗ್ಗಿ ಬರುತ್ತವೆ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಹೊಸ ಪಾತ್ರ ರಂಗಕ್ಕೆ ಬಂದಾಗ 'ಇವನ್ಯಾರು' ಎಂದು ಪಕ್ಕದವರನ್ನು ಕೇಳುತ್ತೀರಲ್ಲ, ಹಾಗೆ ತುಸು ತಡೆದುಕೊಳ್ಳಿ. ಪಾತ್ರ ತಾನೇ ತನ್ನ ಪರಿಚಯ ಹೇಳುತ್ತದೆ.

ನಾನು ದ್ಯಾಮವ್ವ. ಶ್ರೀ ಹುಲಿಗೆಮ್ಮ ಪ್ರಸನ್ನ ನಾಟ್ಯ ಸಂಘದ ಒಡತಿ. ನಿಮ್ಮ ಕಾಲಕ್ಕೂ ಮೊದಲು ಗಂಡಸರು ಸೀರೆಯುಟ್ಟು ರಾಣಿಯಾಗುತ್ತಿದ್ದರಂತೆ. ನಮ್ಮ ಸಂಘದಲ್ಲಿ ನಾಲ್ಕು ತಲೆಮಾರಿನಿಂದ ಹೆಣ್ಣುಮಕ್ಕಳೇ ಕಿರೀಟವಿಟ್ಟು ರಾಜರಾಗುತ್ತ ಬಂದಿದ್ದೇವೆ. ನನ್ನ ದನಿಗೆ ಎದುರು ಓಣಿಯ ತೊಟ್ಟಿಲ ಕೂಸು ಎಚ್ಚರಾಗುತ್ತದೆಂದು ಪ್ರತೀತಿ. ಓಲೆ ಕಳಿಸಲು ಹಿಂದಂಚೆಯ ಕಚೇರಿಗೆ ಬಂದು ಕುಳಿತಿದ್ದೇನೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಎಪ್ಪತ್ತು ದಾಟಿದವರಿಗೆ ಬದುಕಿನಲ್ಲಿ ಒಂದೇ ಓಲೆಯ ಅವಕಾಶ. ಬಂಗಾರದ ದರ ಹೇಳುವಂತಿಲ್ಲ, ಯಾವ ಗದ್ದುಗೆ ಯಾರಿಗೆ ಸಿಕ್ಕಿತೆಂದು ಬಾಯಿ ಬಿಡುವಂತಿಲ್ಲ. ಹಾಗಾದರೆ ಇನ್ನೇನು ಬರೆಯುವುದೆಂದು ಗುಡುಗಿದೆ. ಕಿಟಕಿಯ ಹಿಂದಿನ ಹುಡುಗಿ, "ಮನೀ ಸುದ್ದಿ ಬರೀರಿ ಅಮ್ಮಾರ. ಮತ್ತ ಸ್ವಲ್ಪ ಸಾವಕಾಶ ಮಾತಾಡ್ರಿ, ನನಗ ಕಿವಿ ಅದಾವ," ಅಂದಳು.

ಆದ್ದರಿಂದ ಮನೆಯ ಸುದ್ದಿ. ನನ್ನ ಮೊಮ್ಮಗಳು ಬಾಳವ್ವ ಕಡಲಾಚೆ ಕಲಿಯಲು ಹೋದ ಸುದ್ದಿ.

ಮೊದಲು ರಂಗಸಜ್ಜಿಕೆ ತೋರಿಸುತ್ತೇನೆ. ನಮ್ಮ ಊರಿನ ಓಣಿಗಳ ಮೇಲೆಲ್ಲ ಈಗ ಬಿಸಿಲುಬಟ್ಟೆ ಹಾಸಿದೆ. ಬಿಸಿಲುಬಟ್ಟೆ ಎಂದರೆ ಬಿಸಿಲನ್ನು ಕುಡಿದು ದೀಪಕ್ಕೆ ಉಣಿಸುವ ನೇಯ್ಗೆ. ನಿಮ್ಮ ಕಾಲದ ಕುಪ್ಪಸದ ಖಣ ನೇಯ್ದ ಕೈಗಳ ಮರಿಮಕ್ಕಳೇ ಅದನ್ನು ನೇಯುತ್ತಾರೆ. ಅದರ ಕೆಳಗೆ ಓಡಾಡಿದವರ ಮೈಮೇಲೆ ದಿನವಿಡೀ ಖಣದ ಚಿಕ್ಕಿಗಳ ನೆರಳು. ಗಾಲಿಯಿಲ್ಲದ ತೇಲುಬಂಡಿಗಳು ಬಜಾರದ ತುದಿಗೆ ಬಂದು ನಿಲ್ಲುತ್ತವೆ. ಮಿರ್ಚಿ ಭಜಿಯ ಗಾಡಿಗೆ ಮಾತ್ರ ಇನ್ನೂ ಗಾಲಿ ಇದೆ, ಎಣ್ಣೆ ಇನ್ನೂ ಸಿಡಿಯುತ್ತದೆ. ಯಾವ ವಿಜ್ಞಾನಕ್ಕೂ ಅದನ್ನು ಮುಟ್ಟುವ ಧೈರ್ಯವಾಗಿಲ್ಲ. ಧ್ವನಿವರ್ಧಕಗಳನ್ನು ಮಾತ್ರ ಕಾನೂನು ಎಂದೋ ನುಂಗಿಹಾಕಿತು. ಜಾತ್ರೆಯಿರಲಿ, ಸಭೆಯಿರಲಿ, ನಾಟಕವಿರಲಿ, ಮನುಷ್ಯನ ಬರಿಗಂಟಲೇ ಗತಿ. ನಮ್ಮದೋ ತಗಡಿನ ಥಿಯೇಟರು. ಮಾತು ತಗಡಿಗೆ ಬಡಿದು, ಮರಳಿ ಬಂದು, ಮುಂದಿನ ಮಾತಿಗೆ ಡಿಕ್ಕಿ ಹೊಡೆದು ಪುಡಿಯಾಗುತ್ತಿತ್ತು. ಹಿಂದಿನ ಬೆಂಚಿನವರಿಗೆ ಬಾಯಿ ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಕೇಳದಿದ್ದರೆ ಇನ್ನೂ ಜೋರಾಗಿ ಕೂಗು, ಇದೇ ನಮ್ಮ ಮನೆತನದ ಇಡೀ ವಿಜ್ಞಾನ. ಕೂಗಿದೆವು. ವರ್ಷ ವರ್ಷಕ್ಕೆ ಹಿಂದಿನ ಬೆಂಚುಗಳು ಖಾಲಿಯಾದವು. ನಡುವಿನವೂ ಖಾಲಿಯಾಗತೊಡಗಿದವು. ಸಂಘ ಉಳಿಯುತ್ತದೋ ಮುಳುಗುತ್ತದೋ ಎಂಬ ಪ್ರಶ್ನೆ ನಮ್ಮ ಅಡುಗೆಮನೆಗೇ ಬಂದು ಕುಳಿತಿತ್ತು.

ನಮ್ಮ ಮನೆತನದ ಇನ್ನೊಂದು ಕಟ್ಟಳೆ ಹೇಳಬೇಕು, ಈ ಕಥೆಯ ಕೀಲು ಅದರಲ್ಲೇ ಇದೆ. ನಟನಾದವನು ಪ್ರೇಕ್ಷಕರಿಗೆ ಎಂದೂ ಬೆನ್ನು ತೋರಿಸಬಾರದು. ಅನ್ನ ಕೊಟ್ಟವರಿಗೆ ಮುಖವೇ ಕಾಣಬೇಕು. ಅಳುವುದೂ ಮುಖ ಕೊಟ್ಟೇ, ಸಾಯುವುದೂ ಮುಖ ಕೊಟ್ಟೇ. ನಿರ್ಗಮನ ಬಂದರೆ ಕೈಮುಗಿದು ಹಿಂದಡಿ ಇಡುತ್ತ ಪರದೆಯೊಳಗೆ ಕರಗಬೇಕು. ನಮ್ಮ ಮಕ್ಕಳು ಅಂಬೆಗಾಲು ಬಿಟ್ಟೊಡನೆ ಕಲಿಯುವುದು ಹಿಮ್ಮುಖ ನಡಿಗೆ. ಮನೆಯಲ್ಲಿ ಹಿರಿಯರ ಮುಂದಿಂದ ಹೋಗುವಾಗಲೂ ಹಾಗೆಯೇ. ಹೊಸ್ತಿಲು ಎಲ್ಲಿದೆಯೆಂದು ನಮ್ಮ ಹಿಮ್ಮಡಿಗೆ ಗೊತ್ತು.

ಬಾಳವ್ವ ನನ್ನ ನಂತರದ ರಾಜ. 'ವೀರ ಮಕರಂದ ಅರ್ಥಾತ್ ಅಡವಿ ಪಾಲಾದ ಅರಸ' ಎಂಬ ನಮ್ಮ ನಾಟಕದಲ್ಲಿ ಅವಳು ಕಿರೀಟ ಇಳಿಸಿಟ್ಟು ರಾಜ್ಯ ಬಿಡುವ ದೃಶ್ಯಕ್ಕಾಗಿಯೇ ಉಳಿದ ಮಂದಿ ಬರುತ್ತಿದ್ದರು. ಅಂಥವಳು ಒಂದು ದಿನ ರೊಟ್ಟಿ ಬಡಿಯುತ್ತಿದ್ದ ನನ್ನ ಎದುರು ಕುಳಿತು, "ಆಯಿ, ನಾ ಬದಲಿಮನಿಗೆ ಹೆಸರು ಕೊಟ್ಟೇನಿ," ಅಂದಳು.

ಬದಲಿಮನೆ ನಮ್ಮ ಕಾಲದ ಪದ್ಧತಿ. ಶಾಲೆ ಮುಗಿಸಿದ ಮಕ್ಕಳು ಬೇರೊಂದು ದೇಶದ ಮನೆಯಲ್ಲಿ ಮೂರು ವರ್ಷ ಉಂಡು, ಅಲ್ಲಿನ ವಿದ್ಯಾಲಯದಲ್ಲಿ ಕಲಿಯಬಹುದು. ಆ ದೇಶದ ಒಂದು ಮಗು ಇಲ್ಲಿಗೆ ಬಂದು ಇವರ ತಟ್ಟೆಯಲ್ಲಿ ಉಣ್ಣುತ್ತದೆ. ಬಲವಂತವಿಲ್ಲ, ಮನಸ್ಸಿದ್ದವರು ಹೋಗುತ್ತಾರೆ. ಬಾಳವ್ವನಿಗೆ ಎಸ್ತೋನಿಯಾ ಎಂಬ ಸಣ್ಣ ದೇಶದ ದ್ವೀಪವೊಂದರಲ್ಲಿ ಜಾಗ ಸಿಕ್ಕಿತ್ತು, ಸದ್ದಿನ ಶಾಸ್ತ್ರ ಕಲಿಯಲು. ಸದ್ದು ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ, ಯಾವ ಕಟ್ಟಡದಲ್ಲಿ ಹಾಯಾಗಿ ಕೂರುತ್ತದೆ ಎಂಬ ವಿದ್ಯೆ.

ಸಂಘದಲ್ಲಿ ಕೋಲಾಹಲ! ನಮ್ಮ ಪೇಟಿ ಮಾಸ್ತರ ಇಮಾಮಸಾಬ, ನನ್ನ ಜೊತೆ ನಲವತ್ತು ವರ್ಷ ಹಾರ್ಮೋನಿಯಂ ನುಡಿಸಿದವನು, ಪೇಟಿಯ ತಿದಿಯನ್ನು ಧಡ್ಡನೆ ಮುಚ್ಚಿ ಎದ್ದು ನಿಂತ.

"ಕಿವಿಮಣಿ ಐತೆಲ್ಲವಾ! ಲೋಕದಾಗಿನ ಪಾಠ ಎಲ್ಲಾ ಕಿವ್ಯಾಗ ಬಂದು ಕನ್ನಡದಾಗ ಬೀಳತೈತಿ. ಮನ್ಯಾಗ ಕುಂತು ಕಲೀಬಾರದೇನು?"

ಕಿವಿಮಣಿ ಎಂದರೆ ಕಿವಿಯಲ್ಲಿಡುವ ಕಾಳಿನಷ್ಟು ಯಂತ್ರ, ಯಾವ ನುಡಿಯನ್ನಾದರೂ ನಮ್ಮ ನುಡಿಗೆ ತಿರುಗಿಸುತ್ತದೆ. ಬಾಳವ್ವ ನಕ್ಕಳು. "ಕಾಕಾ, ಭಜಿ ಹೆಂಗ ಇರತೈತಿ ಅಂತ ಮಣಿ ಹೇಳತೈತಿ. ತಿನಿಸತೈತೇನು?"

"ಭಜಿ ತಿನ್ನಾಕ ಸಮುದ್ರ ದಾಟತೀ ಏನು? ನೀ ಹ್ವಾದ್ರ ಅಡವಿ ಪಾಲಾಗಾವ ಅರಸ ಅಲ್ಲ, ನಾವು! ಮತ್ತ ಹ್ವಾದಕಿ ತಿರುಗಿ ಬರತಾಳಂತ ಯಾರು ಹೇಳ್ಯಾರ?"

ಎಲ್ಲರೂ ನನ್ನ ಮುಖ ನೋಡಿದರು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಅವಳಿಲ್ಲದೆ ಮೂರು ವರ್ಷ ಪರದೆ ಏಳುವುದು ಕಷ್ಟ. ಒಮ್ಮೆ ಬಿದ್ದ ಪರದೆ ಮತ್ತೆ ಏಳುವುದು ಇನ್ನೂ ಕಷ್ಟ. ಆದರೆ ಅವಳಿದ್ದೂ ಹಿಂದಿನ ಬೆಂಚು ತುಂಬಿರಲಿಲ್ಲವಲ್ಲ! ಕೂಗುವುದಷ್ಟನ್ನೇ ಬಲ್ಲ ನಾನು ಅವಳಿಗೆ ಕಲಿಸಬಹುದಾದದ್ದನ್ನೆಲ್ಲ ಕಲಿಸಿ ಮುಗಿಸಿದ್ದೆ. ನನ್ನ ಹಳೆಯ ಕಿರೀಟ ತರಿಸಿ ತಲೆಗಿಟ್ಟುಕೊಂಡೆ. ತುಸು ಬಿಗಿಯಾಗಿತ್ತು, ಹೇಳಲಿಲ್ಲ. "ಅಕಿ ಬರೂತನಕ ರಾಜ ನಾನ. ಪೇಟಿ ತಗೀ ಇಮಾಮಾ, ಶ್ರುತಿ ಹಿಡಿ," ಅಂದೆ.

ಅವಳು ಹೊರಟ ದಿನ ನೋಡಬೇಕಿತ್ತು ನೀವು. ಮನೆಯಿಂದ ತೇಲುಬಂಡಿಯವರೆಗೆ ಇಡೀ ಬಜಾರವನ್ನು ಹಿಮ್ಮುಖವಾಗಿಯೇ ನಡೆದಳು, ಕೈಮುಗಿದು, ಕಣ್ಣಲ್ಲಿ ನೀರಿಳಿಸುತ್ತ, ನಮ್ಮನ್ನೇ ನೋಡುತ್ತ. ಓಣಿಯ ನೇಕಾರರೆಲ್ಲ, "ಹಿಂದ ಮೆಟ್ಟಲ ಐತಿ ಬೇ! ಹಿಂದ ಎಮ್ಮಿ ಐತಿ ಬೇ!" ಎಂದು ದಾರಿ ಹೇಳುತ್ತಿದ್ದರು. ಭಜಿಯ ಗಾಡಿಯ ಬಗ್ಗೆ ಯಾರೂ ಹೇಳಲಿಲ್ಲ. ಡಿಕ್ಕಿ ಹೊಡೆದು, ಎರಡು ಮೆಣಸಿನಕಾಯಿ ಜಡೆಗೆ ಸಿಕ್ಕಿಸಿಕೊಂಡೇ ಅವಳು ಪರದೇಶಕ್ಕೆ ಹೋದಳು.

ಅತ್ತಲಿಂದ ಬಂದವನು ಯೂಹಾನ್. ತೆಂಗಿನ ಗರಿಯಷ್ಟು ಉದ್ದ, ಸುಣ್ಣದಷ್ಟು ಬಿಳುಪು, ಕಲ್ಲಿನಷ್ಟು ಮೌನ. ನಮ್ಮೂರ ನೇಕಾರರ ವಿದ್ಯಾಲಯದಲ್ಲಿ ಖಣದ ನೇಯ್ಗೆ ಕಲಿಯಲು ಬಂದಿದ್ದ. ಹೌದು ಮಹಾಜನಗಳೇ, ಕಲಿಯಲು ಹೋಗುವುದು ಒಂದೇ ದಿಕ್ಕಿನ ದಾರಿಯೆಂದು ನಿಮ್ಮ ಕಾಲದಲ್ಲಿ ತಿಳಿದಿದ್ದರಂತೆ. ಈಗ ಗುಳೇದಗುಡ್ಡಕ್ಕೂ ಲೋಕದ ಮಕ್ಕಳು ಬರುತ್ತಾರೆ. ಬದಲಿಮನೆಯ ನಿಯಮವೆಂದರೆ ಮೊದಲ ವರ್ಷ ಕಿವಿಮಣಿ ಕಳಚಿಡಬೇಕು. ಹಾಗಾಗಿ ಹುಡುಗ ನಮ್ಮ ಗದ್ದಲದ ನಡುವೆ ಬರಿಗಿವಿಯಲ್ಲಿ ಬಂದು ಬಿದ್ದ. ಮೊದಲ ದಿನ ಉಣ್ಣಲು ಕುಳಿತಾಗ, ಉಪ್ಪು ಕೇಳಲು ನಾವು ಕೂಗಿದ್ದನ್ನು ಕಂಡು ಜಗಳವೆಂದು ತಿಳಿದು ತಟ್ಟೆ ಹಿಡಿದು ಹಿತ್ತಲಿಗೆ ಓಡಿದ. ಇಮಾಮಸಾಬ ಹೋಗಿ ಕರೆತಂದು, ಅಗಸಿ ಚಟ್ನಿ ಹಚ್ಚಿದ ರೊಟ್ಟಿ ಬಾಯಿಗಿಟ್ಟ. "ತಿನ್ನೋ ತಮ್ಮಾ. ಇಲ್ಲೆ ಸುಮ್ಮ ಇದ್ರ ಜಗಳ ಅಂತ ತಿಳಕೊ."

ಅವನು ಕನ್ನಡ ಕಲಿತದ್ದು ರಂಗದ ಪಕ್ಕದ ಪರದೆಯ ಹಿಂದೆ ನಿಂತು. ಅದರ ಫಲವಾಗಿ ಸಂತೆಯಲ್ಲಿ ಬದನೆಕಾಯಿ ಕೊಳ್ಳುವಾಗಲೂ, "ಎಲೈ ವರ್ತಕಳೇ, ನಿನ್ನ ಬದನೆಗಳ ಬೆಲೆಯನ್ನು ಅರುಹು!" ಎನ್ನುತ್ತಿದ್ದ. ಸಂತೆಯ ಹೆಂಗಸರು ಅವನಿಗೆಂದೇ ಒಂದೆರಡು ಹೆಚ್ಚು ಹಾಕುತ್ತಿದ್ದರು, ಇನ್ನೊಮ್ಮೆ ಅನ್ನಿಸಲು.

ಅತ್ತ ಬಾಳವ್ವನ ದನಿಯೋಲೆಗಳು ಬರುತ್ತಿದ್ದವು; ಗಾಳಿಯಲ್ಲಿ ಬಂದು ಅವಳದೇ ದನಿಯಲ್ಲಿ ಮಾತಾಡುವ ಓಲೆಗಳು. ಅಲ್ಲಿನ ಜನ ಎಷ್ಟು ಮೆಲ್ಲಗೆ ಮಾತಾಡುತ್ತಾರೆಂದರೆ ಊಟದ ಹೊತ್ತಿನಲ್ಲಿ ಗಡಿಯಾರದ ಸದ್ದು ಕೇಳುತ್ತದಂತೆ. ಇವಳು "ಹಾಲು ಕೊಡಿ" ಎಂದರೆ ನೆರೆಮನೆಯವರು ಬಂದು ಏನಾಯಿತೆಂದು ವಿಚಾರಿಸುತ್ತಿದ್ದರಂತೆ. ಅವಳ ಗುರು ಹೆಲ್ಮಿ ಎಂಬಾಕೆ, ನನ್ನದೇ ವಯಸ್ಸಿನ ಮುದುಕಿ. ಮೊದಲ ಪಾಠ ಮುಗಿಸಿ ಬಾಳವ್ವ ಕೈಮುಗಿದು ಹಿಂದಡಿ ಇಡುತ್ತ ಹೊರಬರುವಾಗ ಅಲ್ಲಿನ ಹೊಸ್ತಿಲಿನ ಪರಿಚಯ ಅವಳ ಹಿಮ್ಮಡಿಗೆ ಇರಲಿಲ್ಲ. ಮೂರು ಮೆಟ್ಟಿಲು ಉರುಳಿ ಹಿಮದ ಗುಡ್ಡೆಯಲ್ಲಿ ಸೊಂಟದವರೆಗೆ ಹೂತುಹೋದಳು. ಗುರಮ್ಮ ಓಡಿ ಬಂದು ಎಬ್ಬಿಸಿ, ಕೈಸನ್ನೆಯಲ್ಲೇ ಸಂಗತಿ ತಿಳಿದು, ನಗಲಿಲ್ಲವಂತೆ. ಮರುದಿನ ಪಾಠ ಮುಗಿದಾಗ ಗುರಮ್ಮ, ಅವಳ ಹಿಂದೆ ಇಡೀ ತರಗತಿ, ಕೈಮುಗಿದು ಹಿಮ್ಮುಖವಾಗಿ ಹೊರನಡೆದರಂತೆ. ಎಲ್ಲರೂ ಹಿಮದಲ್ಲಿ ಬಿದ್ದರಂತೆ! ಇದನ್ನು ಹೇಳುವಾಗ ಅವಳ ದನಿಯಲ್ಲಿ ನಗು, ಅಳು ಎರಡೂ ಇದ್ದವು. "ಆಯಿ, ಇಲ್ಲೆ ನನಗ ಯಾರೂ ಹೊರಗಿನಾಕಿ ಅನ್ನಂಗಿಲ್ಲ. ಬಿದ್ದಾಕಿ ಅಂತಾರ."

ಇನ್ನೊಂದು ಓಲೆಯಲ್ಲಿ, ಹೆಲ್ಮಿ ತನ್ನನ್ನು ಹಳೆಯ ಮರದ ಕಣಜವೊಂದರಲ್ಲಿ ಒಬ್ಬಳನ್ನೇ ಬಿಟ್ಟು ಹೋದದ್ದನ್ನು ಹೇಳಿದ್ದಳು. ಬರೀ ಕೇಳು ಎಂದು ಆಜ್ಞೆ. ಕೇಳಲು ಏನೂ ಇರಲಿಲ್ಲ. ಬಳಿಕ ಮರ ಉಸಿರಾಡಿದ್ದು ಕೇಳಿತು. ಬಳಿಕ ತನ್ನದೇ ರಕ್ತ ಹರಿಯುವುದು ಕೇಳಿತು. "ನಮ್ಮ ಮನ್ಯಾಗ ಇಷ್ಟ ವರ್ಷ ನನಗ ನನ್ನ ಎದಿ ಬಡಿತಾನ ಕೇಳಿದ್ದಿಲ್ಲ ಆಯಿ." ಇದನ್ನು ಕೇಳಿ ಇಮಾಮಸಾಬ ತಲೆ ಕೆರೆದುಕೊಂಡ. ನಾನು ಉತ್ತರಕ್ಕೆ ದೊಡ್ಡ ಭಾಷಣ ಶುರುಮಾಡಿದವಳು, ಯಾಕೋ ನಿಲ್ಲಿಸಿ, "ಬೆಚ್ಚಗಿರವ್ವಾ," ಎಂದಷ್ಟೇ ಕಳಿಸಿದೆ.

ಇತ್ತ ಎರಡನೆಯ ವರ್ಷದ ದೀಪಾವಳಿಯ ಹೊತ್ತಿಗೆ ಬಂತು ನೋಡಿ ಗಂಡಾಂತರ. ಸಂಜೆಯ ಆಟ. ಮಂದಿ ಕುಳಿತಾಗಿದೆ. ಕಿರೀಟವಿಟ್ಟು, ಬಣ್ಣ ಬಳಿದು, ನಾಂದಿಗೆ ಬಾಯಿ ತೆರೆಯುತ್ತೇನೆ, ದನಿಯೇ ಇಲ್ಲ! ಎಪ್ಪತ್ತು ವರ್ಷ ಗುಡುಗಿದ ಗಂಟಲು ಗಾಳಿ ಊದಿತು. ಟಿಕೆಟ್ ತಿರುಗಿ ಕೊಟ್ಟು ಬಾಗಿಲು ಹಾಕೋಣ, ಹಾಕಿದ ಬಾಗಿಲು ಹಾಕಿದ್ದೇ ಎಂದು ಎಲ್ಲರ ಮುಖದಲ್ಲೂ ಬರೆದಿತ್ತು. ಆಗ ಪರದೆಯ ಸಂದಿನಿಂದ ಯೂಹಾನ್ ಮುಂದೆ ಬಂದ. ನನ್ನ ತಲೆಯ ಕಿರೀಟ ನೋಡಿ, "ಆಯಿ, ಮಾತು ಎಲ್ಲಾ ನನಗ ಬರತಾವು," ಎಂದ. ಸಂಘಕ್ಕೆ ಬೇರೆ ದಾರಿಯೂ ಇರಲಿಲ್ಲ. ನನ್ನ ಕೈಯಾರೆ ಕಿರೀಟವಿಟ್ಟೆ. ಅವನಿಗೆ ಸಡಿಲವಾಗಿತ್ತು, ಒಳಗೆ ಖಣದ ತುಂಡು ತುರುಕಿದೆ.

ಬಿಳಿಯ ಅರಸನನ್ನು ಕಂಡು ಮಂದಿ ಮೊದಲು ಹೋ ಎಂದರು. "ಏ, ಸುಣ್ಣ ಬಳದಾರೋ ಅರಸಗ!" ಎಂದ ಒಬ್ಬ. "ಮಳಿ ಬಂದ್ರ ತೊಳದ ಹೋಗತಾನ!" ಎಂದ ಇನ್ನೊಬ್ಬ. ಯೂಹಾನ್ ಅಲುಗಲಿಲ್ಲ. ಒಂದೊಂದು ಮಾತನ್ನೂ ನನ್ನಂತೆಯೇ, ನನ್ನ ಉಸಿರಿನ ಜಾಗದಲ್ಲೇ ಉಸಿರೆಳೆದು ಹೇಳಿದ. ಎರಡನೆಯ ಅಂಕಕ್ಕೆ ಶಿಳ್ಳೆ ಬಿದ್ದವು. ಆಮೇಲೆ ರಾಜ್ಯ ಬಿಡುವ ದೃಶ್ಯ ಬಂತು. ಕಿರೀಟ ಇಳಿಸಿದ. ಕೈಮುಗಿದ. ಹಿಂದಡಿ ಇಡಬೇಕು. ಇಡಲಿಲ್ಲ. ತಿರುಗಿದ! ಮಂದಿಗೆ ಬೆನ್ನು ಕೊಟ್ಟು, ಅಡವಿಯ ಪರದೆಯ ಕಡೆಗೆ ಒಂದೊಂದೇ ಹೆಜ್ಜೆ ನಡೆಯತೊಡಗಿದ.

"ಬೆನ್ನ ತೋರಸಾಕತ್ತಾನಲೇ!" ಎಂದು ಯಾರೋ ಎದ್ದರು. ಇಮಾಮಸಾಬನ ಬೆರಳು ಪೇಟಿಯ ಮೇಲೆ ಗಕ್ಕನೆ ನಿಂತಿತು. ಪಕ್ಕದಲ್ಲಿದ್ದ ನಾನು ಕೂಗಬೇಕೆಂದರೆ ದನಿಯಿಲ್ಲ. ದನಿಯಿಲ್ಲದ ಕಾರಣ ನೋಡಿದೆ. ಆ ಉದ್ದನೆಯ ಬೆನ್ನು. ತುಸು ಬಾಗಿದ ಭುಜ. ಕಿರೀಟವಿಲ್ಲದ ತಲೆಯ ಹಿಂಭಾಗ, ಥೇಟ್ ಸಣ್ಣ ಹುಡುಗನದು. ಎದ್ದವನು ಮೆಲ್ಲಗೆ ಕುಳಿತ. ತಗಡಿನ ಥಿಯೇಟರಿನಲ್ಲಿ ನಾನು ಹುಟ್ಟಿದಂದಿನಿಂದ ಕೇಳದಿದ್ದ ಸದ್ದೊಂದು ಕೇಳಿತು; ಇಡೀ ಮಂದಿ ಸುಮ್ಮನಿದ್ದ ಸದ್ದು. ಆಮೇಲೆ ಮುಂದಿನ ಸಾಲಿನ ಹೆಂಗಸೊಬ್ಬಳು ಬಿಕ್ಕಿದಳು, ನೋಡಿ, ಸಾಲಿಗೆ ಸಾಲೇ ಸೆರಗು ಬಾಯಿಗಿಟ್ಟಿತು.

ಬಣ್ಣ ತೊಳೆಯುವಾಗ ಇಮಾಮಸಾಬ ಅವನನ್ನು ಹಿಡಿದ. "ಯಾಕೋ ತಿರುಗಿದಿ? ನಾಲ್ಕ ತಲಿಮಾರಿಂದ ಯಾರೂ ತಿರುಗಿಲ್ಲ!" ಹುಡುಗನಿಗೆ ನಿಜವಾಗಿಯೂ ಪ್ರಶ್ನೆ ತಿಳಿಯಲಿಲ್ಲ. "ಹೋಗಾವ ಹೋಗೂ ಕಡೆ ನೋಡಬೇಕಲ್ಲ ಕಾಕಾ? ನಮ್ಮ ದ್ವೀಪದಾಗ ಹೋಗಾವ ತಿರುಗಿ ನೋಡಂಗಿಲ್ಲ. ಇರಾವ್ರು ಅವನ ಬೆನ್ನ ನೋಡಕೊಂತ ನಿಂದರತಾರ, ಕಾಣೂತನಕ. ಬೆನ್ನು ನಮಗ ಬಿಟ್ಟು ಹೋಗತಾನ."

ಮರುವಾರದಿಂದ ಆ ದೃಶ್ಯ ನೋಡಲು ಬಾದಾಮಿ, ಇಳಕಲ್ಲಿನಿಂದ ಮಂದಿ ಬಂದರು. ಸಂಘದ ಬಾಗಿಲು ಹಾಕಲಿಲ್ಲ.

ಮೂರು ವರ್ಷ ತುಂಬಿ ಬಾಳವ್ವ ಬಂದಳು. ತೇಲುಬಂಡಿಯಿಂದ ಇಳಿದವಳು ಕೂಗಲಿಲ್ಲ. ಮರಳಿ ಬಂದಿದ್ದ ನನ್ನ ಗುಡುಗಿನಲ್ಲೇ ಕೇಳಿದೆ, "ಯಾಕವ್ವಾ, ದನಿ ಬಿದ್ದೈತೇನು?"

"ಇಲ್ಲ ಆಯಿ. ನಿನ್ನ ದನಿ ಕೇಳಾಕತ್ತೇನಿ. ಎಷ್ಟ ಚಂದ ಐತಿ!" ಅಂದಳು.

ಆಮೇಲೆ ಎಷ್ಟೋ ದಿನ ಖಾಲಿ ಥಿಯೇಟರಿನಲ್ಲಿ ಕಣ್ಣು ಮುಚ್ಚಿ ನಿಂತಳು. ಇಮಾಮಸಾಬನಿಗೆ ತಡೆಯಲಾಗಲಿಲ್ಲ. "ಸಮುದ್ರ ದಾಟಿ ಕಲತ ಬಂದು ಸುಮ್ಮ ನಿಂತಾಳ! ಇದನ್ನ ನಮ್ಮ ಎಮ್ಮಿನೂ ಮಾಡತೈತಿ!" ಬಾಳವ್ವ ಕಣ್ಣು ಬಿಡದೆ, "ಎಮ್ಮಿ ಕರಕೊಂಡ ಬಾ ಕಾಕಾ, ಸಾಥ್ ಆಗತೈತಿ," ಅಂದಳು. ಬಳಿಕ ಕೆಲಸ ಹಿಡಿದಳು. ಅಲ್ಲಿನ ಕಣಜದಂತೆ ಒಳಗೆಲ್ಲ ಮರದ ಪಕ್ಕೆಲುಬು ಕಟ್ಟಿಸಿದಳು. ಆದರೆ ಅಲ್ಲಿನ ಚಳಿಯ ಮರ ಬೇರೆ, ಇಲ್ಲಿನ ಬಿಸಿಲು ಬೇರೆ. ಸದ್ದು ಇನ್ನೂ ಸಿಡಿಯುತ್ತಿತ್ತು. ಆಗ, ತನ್ನ ಮೂರು ವರ್ಷ ಮುಗಿದರೂ ಉಳಿದುಕೊಂಡಿದ್ದ ಯೂಹಾನ್ ತಾನು ಕಲಿತ ಖಣವನ್ನು ದಪ್ಪನೆಯ ನೂಲಿನಲ್ಲಿ ನೇಯ್ದುಕೊಟ್ಟ. ಪಕ್ಕೆಲುಬುಗಳ ನಡುವೆ ಅದನ್ನು ಬಿಗಿದರು. ಅವಳು ಅಲ್ಲಿಂದ ತಂದದ್ದೂ ಇವನು ಇಲ್ಲಿ ಕಲಿತದ್ದೂ ಕೂಡಿದ ಮೇಲೆ ತಗಡು ಸುಮ್ಮನಾಯಿತು. ಒಂದನ್ನೇ ಇಟ್ಟುಕೊಂಡಿದ್ದರೆ ಆಗುತ್ತಿರಲಿಲ್ಲ.

ಹೊಸ ಥಿಯೇಟರಿನ ಮೊದಲ ಆಟಕ್ಕೆ ಬಾಳವ್ವ ಅರಸ. ನಾನು ಹಠ ಹಿಡಿದು ಕಟ್ಟಕಡೆಯ ಬೆಂಚಿನಲ್ಲಿ, ಶಿಳ್ಳೆಯ ಸರದಾರರ ನಡುವೆ ಕುಳಿತೆ. ರಾಜ್ಯ ಬಿಡುವ ದೃಶ್ಯದಲ್ಲಿ ಅವಳು ತಿರುಗಿದಳು. ಬೆನ್ನು ನಮ್ಮ ಕಡೆ, ಮುಖ ಅಡವಿಯ ಕಡೆ. ಕೂಗಲಿಲ್ಲ. "ಸುಖವಾಗಿರಿ ನನ್ನ ಜನರೇ," ಎಂದು ಪಿಸುಗುಟ್ಟಿದಳು. ನನ್ನ ಪಕ್ಕದ ಮುದುಕ ಸೊಂಟ ನೆಟ್ಟಗೆ ಮಾಡಿ, "ಕೇಳತು! ಏ, ನನಗ ಕೇಳತು!" ಎಂದು ಕಿರುಚಿದ. ಇಡೀ ಥಿಯೇಟರು ಅವನನ್ನು 'ಶ್ಶ್' ಎಂದಿತು. ನಮ್ಮ ಊರು ಒಬ್ಬನನ್ನು ಸುಮ್ಮನಿರಿಸಿದ್ದು ಅದೇ ಮೊದಲು.

ಯೂಹಾನ್ ಹೋದ ತಿಂಗಳು ಹೊರಟ. ತನ್ನ ದ್ವೀಪದಲ್ಲಿ ಸಂಘ ಕಟ್ಟುತ್ತಾನಂತೆ. ಆ ಮೌನದ ಜನಕ್ಕೆ ಶಿಳ್ಳೆ ಹೊಡೆಯಲು ಕಲಿಸುವುದು ಮೊದಲ ಪಾಠವಂತೆ. ಬಜಾರದ ಎರಡೂ ಬದಿ ಜನ ನಿಂತಿದ್ದರು. ಹುಡುಗ ಹೊಸ್ತಿಲು ದಾಟಿ ನಮ್ಮ ಕಡೆ ಮುಖ ಮಾಡಿ ಕೈಮುಗಿದ. ನಮ್ಮ ಕಟ್ಟಳೆಯಂತೆ ಹಿಂದಡಿ ಇಡತೊಡಗಿದ! ಕಣ್ಣುಗಳು ತುಂಬಿ ಸುರಿಯುತ್ತಿದ್ದವು, ಒರೆಸಿಕೊಳ್ಳಲೂ ಮುಗಿದ ಕೈ ಬಿಡುತ್ತಿರಲಿಲ್ಲ. "ಹಿಂದ ಎಮ್ಮಿ ಐತೋ!" ಎಂದು ಯಾರೋ ಅಂದರು. ಭಜಿಯವಳು ಈ ಸಲ ತಾನೇ ಗಾಡಿ ಸರಿಸಿದಳು. ನಾನು ಕಟ್ಟೆಯ ಮೇಲೆ ಎದ್ದು ನಿಂತು, ಇದ್ದ ದನಿಯನ್ನೆಲ್ಲ ಕೂಡಿಸಿ ಗುಡುಗಿದೆ.

"ತಿರುಗೋ ನನ್ನ ಅರಸಾ! ಮುಂದ ನೋಡಿ ನಡಿ! ನಿನ್ನ ಬೆನ್ನು ನಮಗಿರಲಿ!"

ನಿಂತ. ತಿರುಗಿದ. ನಡೆದ. ಬಿಸಿಲುಬಟ್ಟೆಯ ಚಿಕ್ಕಿಗಳು ಆ ಬಿಳಿಯ ಅಂಗಿಯ ಮೇಲೆ ಒಂದರ ಹಿಂದೊಂದು ಜಾರುತ್ತ ಹೋದವು. ಕಾಣುವವರೆಗೆ ನೋಡಿದೆವು. ಬಾಳವ್ವ ನನ್ನ ಕೈ ಹಿಡಿದಿದ್ದಳು. ಇಮಾಮಸಾಬ ಪೇಟಿ ಮುಚ್ಚಿದ್ದ.

ಮಹಾಜನಗಳೇ, ಹಿಂದಂಚೆಯ ಹುಡುಗಿ ಬಾಗಿಲು ಹಾಕುವ ಹೊತ್ತಾಯಿತೆಂದು ಕೈಸನ್ನೆ ಮಾಡುತ್ತಿದ್ದಾಳೆ. ಒಂದೇ ಬೇಡಿಕೆ. ನಿಮ್ಮ ಮನೆಯ ಹೊಸ್ತಿಲಲ್ಲೂ ಒಂದು ಮಗು ದೂರದ ವಿದ್ಯಾಲಯದ ಕನಸು ಹಿಡಿದು, ನಿಮ್ಮ ಮುಖವನ್ನೇ ನೋಡುತ್ತ, ಹಿಂದಡಿ ಇಡುತ್ತ ನಿಂತಿರಬಹುದು. ತಿರುಗು ಎಂದು ನೀವೇ ಹೇಳಿ. ಎಲ್ಲಿಂದಲೋ ಬಂದ ಮಗುವೊಂದು ನಿಮ್ಮ ಓಣಿಯಲ್ಲಿ ಗದ್ದಲಕ್ಕೆ ಹೆದರಿ ನಿಂತಿದ್ದರೆ ರೊಟ್ಟಿ ಕೊಡಿ. ಮರಳಿ ಬರುತ್ತಾರೋ ಇಲ್ಲವೋ ಎಂದು ನನ್ನನ್ನು ಕೇಳಬೇಡಿ, ಅದನ್ನು ಹೇಳಲು ಕಚೇರಿಯ ನಿಯಮ ಬಿಡುವುದಿಲ್ಲ. ಆದರೆ ಇಷ್ಟು ಹೇಳಬಲ್ಲೆ. ದಾರಿಯಲ್ಲಿ ನೀವು ಮೊದಲು ನಡೆದವರು, ನಾವು ನಿಮ್ಮ ಹಿಂದೆ ಬಂದವರು. ನಿಮ್ಮ ಮುಖ ನಾವ್ಯಾರೂ ಕಂಡಿಲ್ಲ. ನಮಗೆ ಕಾಣುವುದು ನಿಮ್ಮ ಬೆನ್ನುಗಳೇ, ಹಡಗು ಹತ್ತಿದವರವು, ವಿಮಾನ ಏರಿದವರವು, ಅಂಜುತ್ತಲೇ ಮುಂದೆ ನೋಡಿ ನಡೆದವರವು.

ಬಹಳ ಚಂದ ಕಾಣುತ್ತವೆ. ನಡೆಯಿರಿ. ನಾವು ನೋಡುತ್ತಿದ್ದೇವೆ.

ನಿಮ್ಮ ಕಟ್ಟಕಡೆಯ ಬೆಂಚಿನಿಂದ,
ದ್ಯಾಮವ್ವ